ಊಟದ ಕೋಣೆಯ ಉತ್ತರ ಗೋಡೆ

ಆ ಮನೆಯನ್ನು ನಾನು ದ್ವೇಷಿಸುತ್ತಿದ್ದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಲಹಂಕ ದಾಟಿ, ದೊಡ್ಡಬಳ್ಳಾಪುರದ ರಸ್ತೆಯಿಂದ ಒಳಕ್ಕೆ, ಒಂದು ಕಾಲದಲ್ಲಿ ದ್ರಾಕ್ಷಿ ತೋಟವಿದ್ದ ಜಾಗದ ನಡುವೆ ಇಂಗ್ಲಿಷಿನವನೊಬ್ಬ ಕಟ್ಟಿಸಿದ ಆ ಬಂಗಲೆಯ ಬಗ್ಗೆ ಪತ್ರಿಕೆಗಳಲ್ಲಿ ಬರೆದವರೆಲ್ಲ ಅದನ್ನು ಮೆಚ್ಚಿಯೇ ಬರೆದಿದ್ದಾರೆ. ಅವರು ಅಲ್ಲಿ ಒಂದು ಮಧ್ಯಾಹ್ನ ಕಳೆದವರು. ನಾನು ಎರಡೂವರೆ ವರ್ಷ, ವಾರಕ್ಕೆ ಆರು ದಿನ ಕಳೆದವಳು.

ವಿಮಾನ ನಿಲ್ದಾಣ ದೇವನಹಳ್ಳಿಗೆ ಹೋಗಿ ನಾಲ್ಕೈದು ವರ್ಷವಾಗಿದ್ದಾಗಿನ ಮಾತು. ಜಾಲಹಳ್ಳಿಯ ಕಡೆ ನಾನು ಕನ್ನಡ ಕಲಿಸುತ್ತಿದ್ದ ಶಾಲೆಯವರು ಕನ್ನಡ ಮಾಧ್ಯಮವನ್ನು ಮುಚ್ಚಿ, ನನಗೊಂದು ಶಾಲು ಹೊದಿಸಿ ಕಳುಹಿಸಿದ್ದರು. ಆ ಬಂಗಲೆಯನ್ನು ವಹಿಸಿಕೊಂಡಿದ್ದ ಟ್ರಸ್ಟಿನವರಿಗೆ, ಕನ್ನಡವನ್ನು ತಪ್ಪಿಲ್ಲದೆ ಬರೆಯುವ, ಹೇಳಿದ ಕೆಲಸವನ್ನು ಹೇಳಿದ ಹೊತ್ತಿಗೆ ಮಾಡುವ ಒಬ್ಬರು ಬೇಕಾಗಿದ್ದರು. ಬಾಗಲಗುಂಟೆಯಿಂದ ಎರಡು ಬಸ್ಸು ಬದಲಾಯಿಸಿ ನಾನು ಹೋದೆ.

ಬಂಗಲೆ ಕಟ್ಟಿಸಿದವನ ಮಗಳು ಮದುವೆಯಿಲ್ಲದೆ ಅಲ್ಲಿಯೇ ಮುದುಕಿಯಾಗಿ, ಅಲ್ಲಿಯೇ ತೀರಿಕೊಂಡಿದ್ದಳು. ಸುತ್ತಲಿನ ಹಳ್ಳಿಯವರ ಬಾಯಲ್ಲಿ ಆಕೆ ದೊರೆಸಾನಮ್ಮ. ಆಕೆ ಹೋದ ಮೇಲೆ ಬೀಗ ಬಿದ್ದು, ಚಾವಣಿಯಲ್ಲಿ ಅರಳಿ ಗಿಡ ಎದ್ದು, ಪಿಯಾನೋದ ಹೊಟ್ಟೆಯಲ್ಲಿ ಇಲಿಗಳು ಸಂಸಾರ ಹೂಡಿದ ನಂತರ ಟ್ರಸ್ಟಿನವರು ಬಂದರು. ಬಂದವರು ಮನೆಯನ್ನು ರಿಪೇರಿ ಮಾಡಿಸುತ್ತಾರೆಂದು ಯಾರಾದರೂ ತಿಳಿಯುತ್ತಾರೆ. ನಾನೂ ಹಾಗೆಯೇ ತಿಳಿದಿದ್ದೆ. ಮೊದಲ ದಿನ ಬೆಳಿಗ್ಗೆ, ಹಜಾರದ ಮೂಲೆಯಲ್ಲಿದ್ದ ಪೊರಕೆ ತೆಗೆದುಕೊಂಡು, ನನ್ನ ಮೇಜಿನ ಸುತ್ತಲಿನ ಜಾಗವನ್ನಾದರೂ ಗುಡಿಸೋಣವೆಂದು ಬಗ್ಗಿದೆ.

"ಮಿಸ್! ಏನ್ ಮಾಡ್ತಿದೀರ?" ಟ್ರಸ್ಟಿನ ನಿರ್ದೇಶಕರು ಬಾಗಿಲಿನಿಂದಲೇ ಕೂಗಿದರು.

"ಕಸ ಗುಡಿಸ್ತಿದೀನಿ ಸರ್."

"ಅದು ಕಸ ಅಲ್ಲ ಮಿಸ್. ಅದು ಲೇಯರ್. ಎಷ್ಟೋ ವರ್ಷದ ಡಸ್ಟು. ದುಡ್ ಕೊಟ್ರೂ ಸಿಗಲ್ಲ."

"ದುಡ್ ಕೊಟ್ಟು ಧೂಳು ಯಾರ್ ತಗೋತಾರೆ ಸರ್?"

ಅವರು ನಕ್ಕರು, ದಡ್ಡ ವಿದ್ಯಾರ್ಥಿಯ ಉತ್ತರಕ್ಕೆ ನಾನು ಒಮ್ಮೊಮ್ಮೆ ನಗುತ್ತಿದ್ದ ಹಾಗೆ. ಇಂಗ್ಲೆಂಡಿನಲ್ಲಿ ಹಳೆಯ ಕಟ್ಟಡಗಳ ಬಗ್ಗೆ ಓದಿ ಬಂದಿದ್ದ, ನನಗಿಂತ ಹತ್ತು ವರ್ಷ ಚಿಕ್ಕವರಾದ ಅವರು ಅಂದು ನನಗೆ ಅರ್ಧ ಗಂಟೆ ಪಾಠ ಹೇಳಿದರು. ಹಾಳಾದ ಮನೆಯನ್ನು ಹೊಸದು ಮಾಡಿದರೆ ಅದು ಸುಳ್ಳಾಗುತ್ತದಂತೆ. ಹಾಳಾಗುತ್ತಿರುವುದನ್ನು ಹಾಳಾಗುತ್ತಿರುವ ಸ್ಥಿತಿಯಲ್ಲೇ ಹಿಡಿದು ನಿಲ್ಲಿಸಬೇಕಂತೆ. ಒಂದು ಮೊಳೆಯನ್ನೂ ಸೇರಿಸಕೂಡದು, ಒಂದು ಮೊಳೆಯನ್ನೂ ಕೀಳಕೂಡದು.

ಅದೂ ಪೂರ್ತಿ ನಿಜವಲ್ಲವೆಂದು ಕ್ರಮೇಣ ತಿಳಿಯಿತು. ಉದುರುತ್ತಿದ್ದ ಗಾರೆಯ ಹಿಂದಕ್ಕೆ ಸೂಜಿಯಿಂದ ಅಂಟು ತುಂಬಿಸುತ್ತಿದ್ದರು. ಸೀಳಿದ ತೊಲೆಯ ಬೆನ್ನಿಗೆ, ಕೆಳಗೆ ನಿಂತವರಿಗೆ ಕಾಣದಂತೆ, ಉಕ್ಕಿನ ಪಟ್ಟಿ ಬಿಗಿದಿದ್ದರು. ಮನೆ ಬೀಳುತ್ತಿರುವಂತೆ ಕಾಣಬೇಕು, ಆದರೆ ಬೀಳಬಾರದು. ಒಮ್ಮೆ ಕಡತವೊಂದನ್ನು ತಲುಪಿಸಲು ಆರ್.ಟಿ. ನಗರದಲ್ಲಿದ್ದ ನಿರ್ದೇಶಕರ ಸ್ವಂತ ಮನೆಗೆ ಹೋಗಿದ್ದೆ. ಗೇಟಿಗೆ ಆಗಷ್ಟೇ ಬಣ್ಣ ಹೊಡೆಸಿದ್ದರು. ಮುಟ್ಟಬೇಡಿರೆಂದು ಚೀಟಿ ಅಂಟಿಸಿದ್ದರು.

ಬಂಗಲೆಯ ಹೆಮ್ಮೆ ಊಟದ ಕೋಣೆಯ ಉತ್ತರ ಗೋಡೆ. ನೀಲಿ, ಅದರಡಿ ಗುಲಾಬಿ, ಅದರಡಿ ಹಸಿರು, ಅದರಡಿ ಕಾವಿ, ತೀರ ಒಳಗೆ ಒಂದು ಬಗೆಯ ಬೂದು: ಐದು ಕಾಲದ ಐದು ಬಣ್ಣಗಳು ಚಕ್ಕೆ ಚಕ್ಕೆಯಾಗಿ ಸುಲಿದು, ಚರ್ಮರೋಗ ಬಂದ ದನದ ಮೈಯಂತೆ ಕಾಣುತ್ತಿದ್ದ ಗೋಡೆ. ಅದರ ಮುಂದೆ ಮದುವೆ ನಿಶ್ಚಯವಾದ ಜೋಡಿಗಳು ಬಾಡಿಗೆಯ ಗೌನು, ಬಾಡಿಗೆಯ ಸೂಟು ತೊಟ್ಟು ಫೋಟೋ ತೆಗೆಸಿಕೊಳ್ಳಲು ಸರದಿಯಲ್ಲಿ ನಿಲ್ಲುತ್ತಿದ್ದರು. ಸಂಸಾರ ಹೂಡುವವರು ಅಂಥ ಗೋಡೆಗೆ ಬೆನ್ನು ಆನಿಸಿ ನಗುವುದನ್ನು ನೋಡಿದರೆ ನನಗೆ ಮೈ ಉರಿಯುತ್ತಿತ್ತು.

ನನ್ನ ಕೆಲಸಗಳಲ್ಲಿ ಮುಖ್ಯವಾದದ್ದು ಸ್ಥಿತಿ ಪುಸ್ತಕ. ಪ್ರತಿ ಸೋಮವಾರ ಅಡಿಕೋಲು ಹಿಡಿದು ಕೋಣೆಯಿಂದ ಕೋಣೆಗೆ ಹೋಗಿ, ಪ್ರತಿಯೊಂದು ಬಿರುಕಿನ ಉದ್ದವನ್ನೂ, ಪ್ರತಿಯೊಂದು ಚಕ್ಕೆಯ ಅಗಲವನ್ನೂ ಅಳೆದು, ಹಿಂದಿನ ವಾರಕ್ಕೆ ಹೋಲಿಸಿ ಬರೆದು, ಸಹಿ ಹಾಕಬೇಕಾಗಿತ್ತು. ಇಂಗ್ಲೆಂಡಿನಿಂದ ಬರುತ್ತಿದ್ದ ಅನುದಾನವೆಲ್ಲ ಆ ಪುಸ್ತಕದ ಮೇಲೆ ನಿಂತಿತ್ತು. ಮನೆಯನ್ನು ಯಾರೂ ಮುಟ್ಟಿಲ್ಲ ಎಂಬುದಕ್ಕೆ ಅದೊಂದೇ ಸಾಕ್ಷಿ. ದ್ವೇಷಿಸುತ್ತಿದ್ದೆನಾದರೂ ಒಂದು ವಾರವನ್ನೂ ತಪ್ಪಿಸಲಿಲ್ಲ. ಮಾಡಬೇಕಾದ ಕೆಲಸ ಅಸಹ್ಯವಾಗಿದ್ದರೂ ಅದನ್ನು ಅರೆಬರೆ ಮಾಡುವುದು ನನಗೆ ಗೊತ್ತಿಲ್ಲ.

ನನ್ನನ್ನು ಅಣಕಿಸಲು ಅಲ್ಲಿದ್ದವಳು ಒಬ್ಬಳೇ. ಬಂಗಲೆಯ ಹಿಂದಿನ ಔಟ್‌ಹೌಸಿನಲ್ಲಿ ಗಂಡನೊಡನೆ ವಾಸವಾಗಿದ್ದ ಹೆಂಗಸು. ಆಕೆಯ ಅತ್ತೆ ದೊರೆಸಾನಮ್ಮನ ಅಡುಗೆಯವಳಾಗಿದ್ದಳು. ಈಕೆ ಈಗ ಟ್ರಸ್ಟಿಗೆ ಕಿಟಕಿ ತೆಗೆಯುವವಳು, ಮುಚ್ಚುವವಳು. ಗುಡಿಸುವ ಕೆಲಸ ಹೇಗೂ ಇರಲಿಲ್ಲ.

"ಏನ್ ಟೀಚರಮ್ಮ, ಬಿರುಕು ಅಳೆಯಾಕ್ ಬಂದ್ರಾ? ಓದ್ ವಾರಕ್ಕಿಂತ ಬೆಳೆದೈತಾ ಕೂಸು?"

"ಕಾಲಂಗುಲ."

"ಆಲ್ ಕುಡಿಸ್ರಮ್ಮ, ಇನ್ನಾ ಬೆಳೀತೈತೆ!"

ಆಕೆಯ ಸೂರು ಸೋರುತ್ತಿತ್ತು. ನಾಡಹೆಂಚಿನ ಮಾಡಿನಲ್ಲಿ ಅರ್ಧಕ್ಕರ್ಧ ಹೆಂಚು ಒಡೆದಿದ್ದವು. ಹಿಂದಿನ ಮಳೆಗಾಲದಲ್ಲಿ ಅಕ್ಕಿಯ ಡಬ್ಬವನ್ನು ಮಂಚದ ಮೇಲಿಟ್ಟು ತಾನು ಬಾಗಿಲಲ್ಲಿ ಕುಳಿತಿರುತ್ತಿದ್ದಳಂತೆ. ಮೇಲೆ ನೀಲಿ ಟಾರ್ಪಾಲು ಹೊದಿಸಿದಾಗ, ಅದು ಫೋಟೋದಲ್ಲಿ ಬೀಳುತ್ತದೆಂದು ನಿರ್ದೇಶಕರು ತೆಗೆಸಿದ್ದರು. ಆ ವರ್ಷ ಮಾತ್ರ ಆಕೆ ಸುಮ್ಮನಿರುವಂತಿರಲಿಲ್ಲ. ಒಬ್ಬಳೇ ಮಗಳನ್ನು ಕೆಂಪಾಪುರಕ್ಕೆ ಕೊಟ್ಟಿದ್ದಳು. ಊರು ಲೇಔಟ್ ಆದಾಗ ಮೂರಂತಸ್ತು ಎಬ್ಬಿಸಿ ಬಾಡಿಗೆಗೆ ಬಿಟ್ಟುಕೊಂಡ ಮನೆ ಅದು. ಮಗಳಿಗೆ ಚೊಚ್ಚಲು ಬಸಿರು. ಜ್ಯೇಷ್ಠದಲ್ಲಿ ದಿನ ಹೇಳಿದ್ದರು.

"ಬೀಗ್ತಿ ಏನಂದ್ಲು ಗೊತ್ತಾ ಟೀಚರಮ್ಮ? ಸೋರೋ ಮನೇಗೆ ನಮ್ ಸೊಸೇನ ಕಳ್ಸಲ್ಲ, ಬಾಣಂತನ ನಾವೇ ಮಾಡ್ಕತೀವಿ ಅಂದ್ಲು. ಚೊಚ್ಚಲು ತವ್ರಲ್ಲಿ ಆಗ್ದಿದ್ರೆ ನನ್ ಮಗಳು ಬದ್ಕಿರೋಗಂಟ ಅನ್ನಿಸ್ಕೋಬೇಕು. ಮಳೆ ಬರೋದ್ರೊಳಗೆ ನಂಗೆ ಎಂಚು ಬೇಕು."

ನಾನು ಅರ್ಜಿ ಬರೆದೆ. ವಿಷಯ, ಉಲ್ಲೇಖ, ವಿವರ, ಕೋರಿಕೆ ಎಲ್ಲವೂ ಇದ್ದ ಅರ್ಜಿ. ಉತ್ತರ ಬರದಿದ್ದಾಗ ಎರಡನೆಯದು ಬರೆದೆ. ಮೂರನೆಯದನ್ನು ಕೈಯಲ್ಲೇ ಹಿಡಿದುಕೊಂಡು ಹೋದೆ.

"ಔಟ್‌ಹೌಸ್ ಕೂಡ ಸೈಟ್ ಒಳಗೇ ಬರುತ್ತೆ ಮಿಸ್. ಒಂದ್ ಹೆಂಚು ಚೇಂಜ್ ಮಾಡಿದ್ರೂ ಆ ವ್ಯೂ ಹೋಯ್ತು," ಎಂದರು ನಿರ್ದೇಶಕರು.

"ಅದರ ಕೆಳಗೆ ಜನ ಇದಾರೆ ಸರ್."

"ಅದೇ ಅಲ್ವಾ ಬ್ಯೂಟಿ! ಲಿವಿಂಗ್ ಹೆರಿಟೇಜ್."

ಹಬ್ಬವೂ ವಾರಾಂತ್ಯವೂ ಕೂಡಿ ಬಂದದ್ದರಿಂದ ಆ ಯುಗಾದಿಗೆ ನಾಲ್ಕು ದಿನ ರಜೆ. ರಜೆ ಮುಗಿಸಿ ಸೋಮವಾರ ಬೆಳಿಗ್ಗೆ ಬಂದಾಗ ಗೇಟಿನಲ್ಲೇ ಸುಣ್ಣದ ವಾಸನೆ ಮೂಗಿಗೆ ಬಡಿಯಿತು. ಸ್ಥಿತಿ ಪುಸ್ತಕವನ್ನೂ ಅಡಿಕೋಲನ್ನೂ ಹಿಡಿದು ಊಟದ ಕೋಣೆಗೆ ಹೋದೆ. ಉತ್ತರ ಗೋಡೆ ಬೆಳ್ಳಗಿತ್ತು. ಮೂಲೆಯಿಂದ ಮೂಲೆಗೆ, ನೆಲದಿಂದ ತೊಲೆಯವರೆಗೆ, ನೀಲಿ ಹಾಕಿ ಹದ ಮಾಡಿದ ಹೊಚ್ಚ ಹೊಸ ಸುಣ್ಣ.

ಆ ಕ್ಷಣ ನನಗಾದದ್ದನ್ನು ಮರೆಮಾಚುವುದಿಲ್ಲ: ಸಂತೋಷವಾಯಿತು. ಎರಡು ವರ್ಷದಲ್ಲಿ ಮೊದಲ ಬಾರಿಗೆ ಆ ಮನೆಯಲ್ಲಿ ಒಂದು ಗೋಡೆ ಗೋಡೆಯಂತೆ ಕಂಡಿತು. ಮರುಕ್ಷಣವೇ ಕೈಯಲ್ಲಿದ್ದ ಪುಸ್ತಕ ಭಾರವಾಯಿತು. ಅಳೆಯಲು ಅಲ್ಲಿ ಏನೂ ಉಳಿದಿರಲಿಲ್ಲ.

ಹಿಂದಿನಿಂದ ಆಕೆ ಬಂದಳು. ಮೊಣಕೈಯವರೆಗೆ ಸುಣ್ಣ ಸುಟ್ಟ ಗುರುತು.

"ಎಂಗೈತೆ ಟೀಚರಮ್ಮ? ಕೆರೆದು, ಒರೆಸಿ, ಮೂರ್ ಕೋಟು ಬಳಿದಿವ್ನಿ. ಆ ಚಕ್ಕೆ ಎಲ್ಲ ಗುಡ್ಸಿ ಕರ್ಬೇವಿನ ಬುಡಕ್ ಆಕಿದೆ."

"ಯಾರು ಹೇಳಿದರು ನಿಮಗೆ?"

"ಯಾರ್ ಏಳ್ಬೇಕು? ದೊರೆಸಾನಮ್ಮ ಇದ್ದಾಗಿಂದ ಇಂಗೇ ಅಲ್ವಾ? ಉಗಾದಿಗ್ ಮುಂಚೆ ನಾವು ದೊಡ್ಮನೆಗೆ ಸುಣ್ಣ ಬಳೀಬೇಕು, ಮಳೆಗ್ ಮುಂಚೆ ಅವ್ರು ನಮ್ ಸೂರಿಗೆ ಎಂಚು ಆಕಿಸ್ಬೇಕು. ನಮ್ಮತ್ತೆ ಅಂಗೇ ಮಾಡ್ಸ್ಕಂಡವ್ಳೆ. ಇವ್ರು ಬಂದ್ಮೇಲೆ ನಾವ್ ಒಂದ್ ವರ್ಸಾನೂ ಬಳೀಲಿಲ್ಲ. ಮತ್ತೆ ಅವ್ರ್ ಯಾಕ್ ಎಂಚು ಆಕಿಸ್ತಾರೆ? ತಲೆ ಕೆಡ್ಸ್ಕಂಡು ಯೋಚ್ನೆ ಮಾಡ್ದೆ, ತಪ್ಪು ನಮ್ದೇ ಅಂತ ಒಳೀತು."

"ಅರ್ಜಿ ಕೊಟ್ಟಿದ್ದೆವಲ್ಲ!"

"ಅರ್ಜಿ ಅಂದ್ರೆ ಕೇಳೋದು. ನಾನ್ ಕೆಲ್ಸ ಮಾಡ್ ತೋರ್ಸಿವ್ನಿ."

ಇದರಲ್ಲಿ ಎಲ್ಲಿಯೂ ತರ್ಕ ತಪ್ಪಿರಲಿಲ್ಲ. ಇಂಗ್ಲಿಷ್ ಮುದುಕಿಗೂ ಅಡುಗೆಯವಳಿಗೂ ನಡುವೆ ಕಾಗದವಿಲ್ಲದೆ ನಡೆದುಬಂದ ಒಂದು ಪದ್ಧತಿಯನ್ನು ಆಕೆ ತನ್ನ ಕಡೆಯಿಂದ ಪೂರೈಸಿದ್ದಳು. ಆ ಮನೆಯಲ್ಲಿ ಸಂರಕ್ಷಿಸಲು ಯೋಗ್ಯವಾದದ್ದು ಯಾವುದಾದರೂ ಇದ್ದರೆ ಅದು ಇದೊಂದೇ ಎಂದು ಈಗಲೂ ನನ್ನ ಅಭಿಪ್ರಾಯ. ಅದನ್ನು ಪುಸ್ತಕದಲ್ಲಿ ಬರೆಯಲು ಕಾಲಂ ಇರಲಿಲ್ಲ.

ಹನ್ನೊಂದು ಗಂಟೆಗೆ ನಿರ್ದೇಶಕರು ಬಂದರು. ಗೋಡೆ ನೋಡಿ ನೆಲದ ಮೇಲೆ, ಅವರ ಅಮೂಲ್ಯವಾದ ಧೂಳಿನಲ್ಲೇ, ಕುಳಿತುಬಿಟ್ಟರು. ಎದ್ದು ಬೆರಳಿನಿಂದ ಮುಟ್ಟಿದರು; ಬೆರಳಿಗೆ ಸುಣ್ಣ ಅಂಟಿತು.

"ಯಾರು?"

"ನಾನೇ ಸಾರ್," ಎಂದಳು ಆಕೆ, ಕೈ ಕಟ್ಟಿಕೊಂಡು, ಮುಖ ಅರಳಿಸಿಕೊಂಡು. "ನಿಮ್ಗೆ ಇಡಿಸ್ತಾ?"

ಅವರು ನನ್ನ ಕಡೆ ತಿರುಗಿ, "ಒಂದ್ ತಿಂಗಳೊಳಗೆ ಇವ್ರನ್ನ ಖಾಲಿ ಮಾಡ್ಸಿ. ನೋಟಿಸ್ ನೀವೇ ಬರೀರಿ ಮಿಸ್. ಕನ್ನಡದಲ್ಲಿ. ಸ್ಟ್ರಾಂಗಾಗಿರ್ಲಿ," ಎಂದರು.

ಬರೆದೆ. ಬರೆಯುವುದಿಲ್ಲ ಎಂದು ಹೇಳಬಹುದಾಗಿತ್ತು, ಹೇಳಲಿಲ್ಲ. ಆ ನೋಟಿಸಿನಲ್ಲಿ ಒಂದು ಅಕ್ಷರ ಹೆಚ್ಚಿರಲಿಲ್ಲ, ಒಂದು ಅಕ್ಷರ ಕಡಿಮೆಯಿರಲಿಲ್ಲ. ಆಕೆಗೆ ಓದಿ ಹೇಳಿದವಳೂ ನಾನೇ. ಪೂರ್ತಿ ಕೇಳಿಸಿಕೊಂಡು ಆಕೆ, "ಸುಣ್ಣಕ್ ಅಂಟು ಕಡ್ಮೆ ಆಯ್ತಾ?" ಎಂದು ಕೇಳಿದಳು.

ಮರುದಿನದಿಂದ ಗೋಡೆಯ ಶುಶ್ರೂಷೆ ಶುರುವಾಯಿತು. ಇಬ್ಬರು ತಜ್ಞರು ಬಂದು, ಮುಖಕ್ಕೆ ಬಟ್ಟೆ ಕಟ್ಟಿಕೊಂಡು, ಶಸ್ತ್ರಚಿಕಿತ್ಸೆಯ ಚಾಕುಗಳಿಂದ ಸುಣ್ಣ ಕೆರೆದರು. ನಾಲ್ಕು ದಿನಕ್ಕೆ ಅಂಗೈಯಗಲ ಜಾಗ ಬಿಡಿಸಿದರು. ಅದರಡಿ ಬಣ್ಣವೇ ಇರಲಿಲ್ಲ. ಆಕೆ ಬಳಿಯುವ ಮೊದಲು ಅಷ್ಟು ಚೊಕ್ಕಟವಾಗಿ ಕೆರೆದಿದ್ದಳು. ಅನುದಾನದವರು ತಪಾಸಣೆಗೆ ಇಂಗ್ಲೆಂಡಿನಿಂದ ಬರಲು ಒಂದು ತಿಂಗಳಷ್ಟೇ ಉಳಿದಿತ್ತು.

ಆಮೇಲೆ ಬಂದವನು ಯಶವಂತಪುರದ ಒಬ್ಬ ಪೇಂಟರ್. ಸಿನಿಮಾ ಸೆಟ್ಟುಗಳಿಗೆ ಬಣ್ಣ ಹಚ್ಚುವವನು. ಅರವತ್ತರ ಹತ್ತಿರದ, ಬಹಳ ಉತ್ಸಾಹದ ಮನುಷ್ಯ. ಗೋಡೆಯನ್ನು ಒಮ್ಮೆ ತಟ್ಟಿ ನೋಡಿ, "ಯಾರ್ ಗುರು ಸುಣ್ಣ ಹೊಡ್ದಿರೋದು? ಸೂಪರ್ ಬೇಸು!" ಎಂದ. ಹಳೆಯ ಫೋಟೋಗಳನ್ನು ಎದುರಿಗೆ ಹರಡಿಕೊಂಡ. "ದೆವ್ವದ್ ಮನೆ ಮಾಡಿದೀನಿ, ಬ್ರಿಟಿಷ್ ಜೈಲ್ ಮಾಡಿದೀನಿ. ಇದೇನ್ ಮಹಾ ಮೇಡಂ! ಅಳತೆ ಇದ್ರೆ ಕೊಡಿ."

ನಿರ್ದೇಶಕರು ನನ್ನ ಸ್ಥಿತಿ ಪುಸ್ತಕವನ್ನು ತೆಗೆದು ಅವನ ಕೈಗೆ ಕೊಟ್ಟರು.

ನಾನು ವಾರ ವಾರವೂ ಅಳೆದು ಬರೆದಿದ್ದ ಪ್ರತಿಯೊಂದು ಬಿರುಕನ್ನೂ, ಪ್ರತಿಯೊಂದು ಚಕ್ಕೆಯನ್ನೂ ಅವನು ಪೆನ್ಸಿಲಿನಿಂದ ಗೋಡೆಗೆ ಇಳಿಸಿದ. ಆಮೇಲೆ ಸ್ಪಂಜು, ಟೀ ಡಿಕಾಕ್ಷನ್ನು, ಬೀಡಿಯ ಬೂದಿ, ಐದು ಡಬ್ಬ ಬಣ್ಣ. ನಡುನಡುವೆ ನನ್ನನ್ನು ಹೊಗಳುತ್ತಿದ್ದ: "ಬಿರುಕಿಗೆ ಇಷ್ಟ್ ನೀಟಾಗಿ ಲೆಕ್ಕ ಇಟ್ಟಿರೋರ್ನ ನಾನ್ ನೋಡೇ ಇಲ್ಲ ಕಣ್ರೀ." ಐದನೆಯ ದಿನ ಗೋಡೆ ಮತ್ತೆ ಸುಲಿಯತೊಡಗಿದಂತೆ ನಿಂತಿತು. ಹತ್ತು ಹೆಜ್ಜೆ ದೂರದಿಂದ ನನಗೇ ವ್ಯತ್ಯಾಸ ತಿಳಿಯಲಿಲ್ಲ. ನನ್ನ ನಿಖರತೆ ಅಷ್ಟು ಪ್ರಯೋಜನಕ್ಕೆ ಬಂದಿತ್ತು.

ಔಟ್‌ಹೌಸಿನವಳು ಬಾಗಿಲಲ್ಲಿ ನಿಂತು ನೋಡಿ, "ತೊಳೆದ್ ಮೈಗೆ ಕೊಳೆ ಬಳೀತಾವ್ರೆ," ಎಂದು ಉಗಿದು ಹೋದಳು.

ಯುಗಾದಿಯ ವಾರದಿಂದ ಪುಸ್ತಕದ ಪುಟಗಳು ಖಾಲಿಯಿದ್ದವು. ನಿರ್ದೇಶಕರು ಅದನ್ನು ನನ್ನ ಮುಂದೆ ತೆರೆದಿಟ್ಟರು.

"ನಾರ್ತ್ ವಾಲ್, ಬದಲಾವಣೆ ಇಲ್ಲ ಅಂತ ಬರ್ದು ಸೈನ್ ಮಾಡಿ ಮಿಸ್. ನಾಲ್ಕ್ ವಾರದ್ದು."

"ಬದಲಾವಣೆ ಆಗಿದೆಯಲ್ಲ ಸರ್."

"ನಿಮ್ ಕಣ್ಣಿಗ್ ಕಾಣ್ಸುತ್ತಾ?"

"ಕಾಣಿಸುವುದಿಲ್ಲ. ಆದರೆ ಗೊತ್ತಿದೆ."

ಸಹಿ ಹಾಕುವುದಿಲ್ಲವೆಂದು ಹೇಳಿ ಎದ್ದೆ. ಪಕ್ಕದವಳ ಉತ್ತರವನ್ನು ನಕಲು ಮಾಡಿದ ಹುಡುಗಿಯೊಬ್ಬಳಿಗೆ ಒಮ್ಮೆ ಸೊನ್ನೆ ಕೊಟ್ಟು, ಆಕೆಯ ತಾಯಿ ಬಂದು ಅತ್ತರೂ ಬದಲಾಯಿಸದೆ ಕಳುಹಿಸಿದವಳು ನಾನು. ಆ ಸೊನ್ನೆಯ ಬಗ್ಗೆ ನನಗೆ ಹೆಮ್ಮೆಯಿತ್ತು. ಅಂದು ಔಟ್‌ಹೌಸಿನ ಮುಂದೆ ನಡೆದು ಬರುವಾಗಲೂ ಅದೇ ಹೆಮ್ಮೆಯಲ್ಲಿದ್ದೆ.

ಆಕೆ ಅಂಗಳದಲ್ಲಿ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದಳು. ನೋಟಿಸಿನ ಗಡುವಿಗೆ ಆರು ದಿನ ಉಳಿದಿತ್ತು. ಗಂಡ ಬಾಡಿಗೆಯ ಕೋಣೆ ಹುಡುಕಲು ಹೋಗಿದ್ದನಂತೆ. ಬೀಗಿತ್ತಿ ಅಂದು ಬೆಳಿಗ್ಗೆ ಫೋನು ಮಾಡಿದ್ದಳಂತೆ.

"ಏನಂದರು?"

"ಏನಂತಾಳೆ? ಇದ್ದಿದ್ ಸೋರೋ ಸೂರೂ ಓಯ್ತಂತಲ್ಲ ಅಂದ್ಲು. ನಕ್ಕೊಂಡೇ ಅಂದ್ಲು ಕಣ್ರಮ್ಮ." ಅಣಕಿಸುವ ದನಿ ಆಕೆಯಲ್ಲಿ ಇರಲಿಲ್ಲ. ಒಂದು ಸೌಟನ್ನು ಚೀಲಕ್ಕೆ ಹಾಕಿ, ತೆಗೆದು, ಮತ್ತೆ ಹಾಕಿದಳು.

ನಾನು ಹಿಂದಿರುಗಿ ಬಂಗಲೆಗೆ ಹೋದೆ. ನಿರ್ದೇಶಕರು ಫೋನಿನಲ್ಲಿದ್ದರು, ಮುಗಿಯುವವರೆಗೆ ನಿಂತಿದ್ದೆ.

"ನೋಟಿಸ್ ಹರಿದುಹಾಕಿ ಸರ್. ಔಟ್‌ಹೌಸಿಗೆ ಹೆಂಚು ಹಾಕಿಸಿ. ನಾಲ್ಕು ವಾರದ್ದಕ್ಕೂ ಸಹಿ ಹಾಕ್ತೀನಿ."

"ಬ್ಲ್ಯಾಕ್‌ಮೇಲಾ ಮಿಸ್?"

"ಹೌದು ಸರ್. ಹೆಂಚು ಮೊದಲು, ಸಹಿ ಆಮೇಲೆ."

ಅವರು ಫೋನನ್ನು ಮೇಜಿನ ಮೇಲಿಟ್ಟರು. "ನಿಮ್ಮನ್ನ ಏನೋ ಅಂದ್ಕೊಂಡಿದ್ದೆ," ಎಂದರು. ನನ್ನ ಬಗ್ಗೆ ನಾನೂ ಏನೋ ಅಂದುಕೊಂಡಿದ್ದೆ.

ಹೆಂಚು ಬಂತು, ಹೊಸ ರೀಪು ಬಂತು. ಆದರೆ ಹೊಸ ಹೆಂಚು ಹೊಸದಾಗಿ ಕಾಣಬಾರದಲ್ಲ. ಅದರ ಮೇಲೆ ಬಕೆಟ್ಟುಗಟ್ಟಲೆ ಮೊಸರು ಸುರಿಸಿದರು, ಪಾಚಿ ಬೇಗ ಹಿಡಿಯಲೆಂದು. ಔಟ್‌ಹೌಸಿನವಳು ಸೊಂಟಕ್ಕೆ ಕೈಕೊಟ್ಟು ನಿಂತು, "ಬಸ್ರಿ ಎಂಗ್ಸು ಬತ್ತಾವ್ಳೆ, ಅವ್ಳಿಗ್ ಒಂದ್ ಲೋಟ ಉಳ್ಸ್ರಪ್ಪಾ," ಎಂದು ಮೇಲಿದ್ದವರಿಗೆ ಕೂಗಿದಳು. ಒಂದು ವಾರ ಇಡೀ ಹಿತ್ತಲು ಹುಳಿ ವಾಸನೆ ಹೊಡೆಯಿತು.

ಅದೇ ವಾರ ನಾನು ನಾಲ್ಕು ಪುಟಗಳನ್ನು ತುಂಬಿದೆ. ಊಟದ ಕೋಣೆ, ಉತ್ತರ ಗೋಡೆ: ಬದಲಾವಣೆ ಇಲ್ಲ. ಸಹಿ. ನಾಲ್ಕು ಸಲ. ಅನುದಾನದವರು ಬಂದು ಪುಟಗಳನ್ನು ತಿರುವಿ ನೋಡಿ, ಪ್ರತಿಯೊಂದರ ಫೋಟೋ ತೆಗೆದುಕೊಂಡರು. ಅವರಲ್ಲಿ ಹಿರಿಯಳಾದ ಒಬ್ಬ ಬಿಳಿಯ ಹೆಂಗಸು ಪೇಂಟರಿನ ಗೋಡೆಯ ಮುಂದೆ ನಿಂತು ಕಣ್ಣೊರೆಸಿಕೊಂಡಳು. ಹೀಗೆ ಯಾರೂ ಮುಟ್ಟದೆ ಉಳಿದದ್ದನ್ನು ತಾನು ಎಲ್ಲಿಯೂ ಕಂಡಿಲ್ಲವೆಂದಳಂತೆ. ನಿರ್ದೇಶಕರು ತಲೆ ತಗ್ಗಿಸಿ ಕೃತಜ್ಞತೆ ಹೇಳಿದರು. ನಾನು ಹಿಂದೆ ನಿಂತು, ಬಾಗಿಲಿನ ಚಿಲಕವನ್ನು ನೋಡುತ್ತಿದ್ದೆ.

ಮಗಳು ಬಂದಳು. ಬೀಗಿತ್ತಿಯೂ ಬಂದು ತಲೆಯೆತ್ತಿ ಮಾಡನ್ನೆಲ್ಲ ಪರೀಕ್ಷಿಸಿ, ಹುಳಿ ವಾಸನೆ ಯಾತರದೆಂದು ಕೇಳಿ, ಬೇರೆ ಮಾತು ಸಿಗದೆ ಹೋದಳು. ಜ್ಯೇಷ್ಠದಲ್ಲಿ ಹೆಣ್ಣುಮಗು ಹುಟ್ಟಿತು. ಅದಾಗಿ ಹದಿನೈದು ದಿನಕ್ಕೆ, ಒಂದು ಮಧ್ಯಾಹ್ನ ಜೋರು ಮಳೆ ಹಿಡಿದಾಗ, ಕೊಡೆ ಹಿಡಿದು ಔಟ್‌ಹೌಸಿಗೆ ಹೋದೆ. ಒಳಗೆ ಬೆಚ್ಚಗಿತ್ತು. ಸಾಂಬ್ರಾಣಿ, ಬೆಳ್ಳುಳ್ಳಿಯ ವಾಸನೆ. ಮೇಲೆ ಮಳೆ ಹೊಡೆಯುತ್ತಿತ್ತು; ಒಂದು ಹನಿ ಒಳಗೆ ಬೀಳಲಿಲ್ಲ. ಆಕೆ ಚಾಪೆ ಹಾಸಿದಳು, ತಾನು ನಿಂತೇ ಇದ್ದಳು.

"ಟೀಚರಮ್ಮ, ಒಂದ್ ಮಾತ್ ಕೇಳ್ತೀನಿ. ಆ ಪುಸ್ತಕ್ದಾಗೆ ಗೋಡೆಗೆ ಏನೂ ಆಗಿಲ್ಲ ಅಂತ ಬರೆದ್ರಂತೆ? ಪೇಂಟರಪ್ಪ ಏಳ್ದ."

"ಬರೆದೆ. ನಿಮ್ಮ ಸೂರಿಗೋಸ್ಕರ ಬರೆದೆ."

"ನನ್ ಸೂರಿಗೆ ನಾನ್ ಸುಣ್ಣ ಬಳಿದಿವ್ನಿ." ಆಕೆಯ ದನಿ ಏರಿತು, ಮಂಚದ ಮೇಲಿದ್ದ ಮಗಳು ತಿರುಗಿ ನೋಡಿದಳು. "ಮೂರ್ ಕೋಟು. ಕೈಯೆಲ್ಲ ಬೊಬ್ಬೆ. ಅದ್ಕೇ ಎಂಚು ಬಂತು ಅಂತ ಬೀಗ್ತಿ ಮಕಕ್ ಒಡ್ದಂಗೆ ಏಳಿವ್ನಿ. ನೀವು ನಾನ್ ಬಳೀಲೇ ಇಲ್ಲ ಅಂತ ಬರೆದಿದ್ರೆ, ಈ ಎಂಚು ಯಾರಮ್ಮ ಕೊಟ್ಟ ಬಿಕ್ಷೆ? ನಿಮ್ದಾ?"

"ಹಾಗಲ್ಲ..."

"ಮತ್ತೆ ತಿದ್ದಿ."

"ತಿದ್ದುವುದಕ್ಕೆ ಆಗುವುದಿಲ್ಲ."

"ಯಾಕ್ ಆಗಲ್ಲ? ತಪ್ಪು ಬರೆದ್ರೆ ತಿದ್ಬೇಕಲ್ವಾ?"

ತಿದ್ದಿದರೆ ಹೆಂಚು ಹೋಗುತ್ತದೆ, ಮನೆ ಹೋಗುತ್ತದೆ ಎಂದು ವಿವರಿಸಲು ತೊಡಗಿದೆ. ಇಪ್ಪತ್ತು ವರ್ಷ ಪಾಠ ಹೇಳಿದವಳಿಗೆ ಆ ನಾಲ್ಕು ವಾಕ್ಯ ಸರಿಯಾಗಿ ಬರಲಿಲ್ಲ. ಆಕೆ ಪೂರ್ತಿ ಕೇಳಲೂ ಇಲ್ಲ. ಒಲೆಯ ಮೇಲಿನ ನೀರು ಕುದಿಯುತ್ತಿದೆಯೆಂದು ಒಳಗೆ ಹೋದಳು. ನಾನು ಚಾಪೆಯ ಮೇಲೆ ಕುಳಿತೇ ಇದ್ದೆ. ಮಳೆ ನಿಲ್ಲುವ ಲಕ್ಷಣವಿರಲಿಲ್ಲ.

"ಬಂದಿದ್ದೀರಲ್ಲ, ಕೂಸ್ ನೋಡ್ಕೊಂಡ್ ಓಗಿ," ಎಂದಳು ಒಳಗಿನಿಂದ.

ಎತ್ತಿಕೊಳ್ಳಿ ಎನ್ನಲಿಲ್ಲ. ನಾನು ದೂರದಿಂದಲೇ ನೋಡಿ, ಕೊಡೆ ಬಿಚ್ಚಿಕೊಂಡು ಹೊರಟೆ.